ಎರಡುನೂರಾ ಇಪ್ಪತ್ತೊಂದು ಕುರ್ಚಿ

ಬೀದರಿನಲ್ಲಿ ಗಣಿತ ಕಲಿಸುವ ದಾನಿಯೇಲ ಮಾಸ್ತರರು ಅಣ್ಣನ ಮಗಳು ಎಲೀನಾಳ ಮದುವೆಗೆಂದು ಬೆಳಿಗ್ಗೆಯೇ ಭಾತಂಬ್ರಾಕ್ಕೆ ಬಂದಿಳಿದರು. ಚರ್ಚಿನ ಅಂಗಳದ ಶಾಮಿಯಾನದಡಿ ಖಾಸಿಂ ಅಲಿ ಭಾಲ್ಕಿಯಿಂದ ತಂದ ಕುರ್ಚಿಗಳನ್ನು ಇಳಿಸುತ್ತಿದ್ದ.

"ಎರಡುನೂರಾ ಇಪ್ಪತ್ತೊಂದು ಕುರ್ಚಿ ಅದಾವ. ಎಲ್ಲಾ ಸಾಲೂ ಸಮಾ ಬರಬೇಕು ನೋಡಪಾ, ಫೋಟೋದಾಗ ಛಂದ ಕಾಣಸ್ತದ," ಎಂದರು ಅಣ್ಣ ಜೋಯಲ.

ಮಾಸ್ತರರಿಗೆ ಅಷ್ಟೇ ಸಾಕಾಯಿತು. ಕೇಳದಿದ್ದರೂ ಖಾಸಿಂ ಅಲಿಗೆ ಪಾಠ ಶುರು ಹಚ್ಚಿದರು. "ಹದಿನೈದ ಹದಿನೈದ್ಲೆ ಎರಡುನೂರಾ ಇಪ್ಪತ್ತೈದು. ಅಂದ್ರ ಹದಿನೈದರ ಕೆಳಗಿನವುಗಳಿಂದ ಭಾಗಿಸಿ ನೋಡಿದ್ರ ಸಾಕು. ದೊಡ್ಡದರಿಂದ ಹೋಗೂದಿತ್ತಂದ್ರ ಅದರ ಸಣ್ಣ ಜೋಡಿ ಮೊದಲೇ ಸಿಕ್ಕಿರ್ತದ. ಎರಡರಿಂದ ಹೋಗ್ಲಿಲ್ಲಂದ್ರ ನಾಕು, ಆರು ನೋಡೂದೇ ಬ್ಯಾಡ."

ಎರಡು, ಮೂರು, ಐದು, ಏಳು, ಹನ್ನೊಂದು. ಯಾವುದರಿಂದ ಭಾಗಿಸಿದರೂ ಶೇಷ ಉಳಿಯಿತು. ಅಷ್ಟರಲ್ಲಿ ಮಂಡಕ್ಕಿ ಸುಸಲಾದ ತಟ್ಟೆ ಬಂತು. ತಿಂದು ಬಾಯೊರೆಸಿಕೊಂಡವರೇ, "ಅವಿಭಾಜ್ಯ ಸಂಖ್ಯೆ! ಒಂದು ಕುರ್ಚಿ ತೆಗೀರಿ," ಎಂದು ತೀರ್ಪು ಕೊಟ್ಟರು. ಖಾಸಿಂ ಅಲಿ ಇಪ್ಪತ್ತಿಪ್ಪತ್ತರ ಹನ್ನೊಂದು ಸಾಲು ಹಾಕಿದ.

ಅರ್ಧ ಹೆಣೆದ ಜಡೆಯಲ್ಲೇ ಎಲೀನಾ ಹೊರಗೆ ಬಂದಳು. "ಕಾಕಾ, ಹದಿಮೂರು ನೋಡೀರೇನ್ರಿ?"

"ಹದಿಮೂರ ಹದಿನೇಳ್ಲೆ ಎರಡುನೂರಾ ಇಪ್ಪತ್ತೊಂ..." ಮಾಸ್ತರರು ನಾಲಗೆ ಕಚ್ಚಿಕೊಂಡರು. "ನಡುವ ಸುಸಲಾ ಬಂತವ್ವಾ."

"ಸಾಹೇಬ್ರ, ಮತ್ತ ಎಲ್ಲಾ ಎತ್ತಬೇಕೇನ್ರಿ?" ಖಾಸಿಂ ಅಲಿ ತಲೆಯ ಮೇಲೆ ಕೈಹೊತ್ತ.

"ಬ್ಯಾಡ!" ಎಂದರು ಜೋಯಲ. "ಸಾಲಿಗೆ ಹದಿಮೂರು, ಹದಿನೇಳು ಹಾಕಿದ್ರ ನಡುವ ದಾರಿ ಹ್ಯಾಂಗ ಬಿಡೂದು? ಈಗ ಆ ಕಡಿ ಹತ್ತು, ಈ ಕಡಿ ಹತ್ತು. ಇರ್ಲಿ."

ಮಾಸ್ತರರ ಎದೆ ಮತ್ತೆ ಉಬ್ಬಿತು. ಎಲೀನಾ ಬಿಡಲಿಲ್ಲ. "ತಪ್ಪಿಗೆ ಶಿಕ್ಷಾ ಅದ ಕಾಕಾ. ಮುನ್ನೂರಾ ಇಪ್ಪತ್ತಮೂರು ಅವಿಭಾಜ್ಯ ಹೌದೋ ಅಲ್ಲೋ? ಬಾಯಿಲೆಕ್ಕ."

ಮದುವೆ ಶುರುವಾಯಿತು. ಹದಿನೆಂಟ ಹದಿನೆಂಟ್ಲೆ ಮುನ್ನೂರಾ ಇಪ್ಪತ್ನಾಲ್ಕು, ಹಾಗಾಗಿ ಹದಿನೇಳರವರೆಗೆ ನೋಡಲೇಬೇಕು. ಹಾಡು ಮುಗಿಯುವಷ್ಟರಲ್ಲಿ ಮಾಸ್ತರರು ಏಳನ್ನು ದಾಟಿದ್ದರು, ಪ್ರಾರ್ಥನೆಯಲ್ಲಿ ಹದಿಮೂರನ್ನು. ಪಾಸ್ಟರು ತಲೆಯೆತ್ತಿ, "ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಿರಿ," ಎಂದರು.

"ಹದಿನೇಳು!" ದಾನಿಯೇಲ ಮಾಸ್ತರರು ಎದ್ದೇ ನಿಂತುಬಿಟ್ಟರು.

ವರ ಜಾನಿ ಬೆವೆತ. ಅವನ ಸೋದರತ್ತೆ ಎದೆ ಹಿಡಿದುಕೊಂಡಳು. "ಅಯ್ಯ ದೇವ್ರೇ, ಹುಡುಗಿಗಿ ಇನ್ನಾ ಹದಿನೇಳೇನ್ರಿ?"

ಎಲೀನಾ ಮುಸುಕು ಸರಿಸಿ ಕೂಗಿದಳು: "ಇಪ್ಪತ್ತೊಂಬತ್ತ್ರಿ ಅತ್ತಿ! ಕಾಕಾ ಲೆಕ್ಕ ಮಾಡಾಕತ್ತಾರ!"

ನಗೆ ಅಡಗುವತನಕ ಪಾಸ್ಟರು ಕಾಯಬೇಕಾಯಿತು. ಮಾಸ್ತರರಿಗೆ ಅದರ ಪರಿವೆಯೇ ಇರಲಿಲ್ಲ. ಕಣ್ಣುಮುಚ್ಚಿ ಕೂತು, ಎರಡು, ಮೂರು, ಐದು ಎಂದು ಇಪ್ಪತ್ತೊಂಬತ್ತನ್ನು ಭಾಗಿಸುತ್ತಿದ್ದರು.