ತೋಳಿನೊಳಗಿನ ದುಂಬಿ

ಮೈಕೇ ಇರಬೇಕು ಹೀಗೆ ಗುಂಯ್ ಅನ್ನುತ್ತಿರುವುದು, ಹೋದ ಭಾನುವಾರವೂ ಕೊರಗುತ್ತಿತ್ತು, ಪಾಸ್ಟರು ತಲೆಗೊಂದು ತಟ್ಟಿ ಸುಮ್ಮನಾಗಿಸಿದ್ದರು — ಅಲ್ಲ, ಸದ್ದಲ್ಲ ಇದು, ನಡುಕ, ತಮ್ಮನ ಕೈಯದು, ಬೆಂಚು ಇಕ್ಕಟ್ಟು, ಅವನ ಎಡತೋಳು ನನ್ನ ಬಲತೋಳಿಗೆ ಒತ್ತಿಕೊಂಡಿದೆ, ಡಯಾಲಿಸಿಸ್ ಸೂಜಿಗೆ ಅನುಕೂಲವಾಗಲೆಂದು ಅಲ್ಲಿ ರಕ್ತನಾಳಕ್ಕೆ ರಕ್ತನಾಳ ಜೋಡಿಸಿ ಹೊಲಿದಿದ್ದಾರೆ, ಹಗ್ಗದ ಗಂಟಿನಂತೆ ಉಬ್ಬಿದೆ, ಮುಟ್ಟಿದರೆ ಒಳಗೇನೋ ಗುಂಯ್‌ಗುಡುತ್ತದೆ. ಬನ್ರೋ, ದುಂಬಿ ಸಾಕಿದೀನಿ, ಮುಟ್ಟಿ ನೋಡಿ, ಅಂತ ನನ್ನ ಸಂಡೇ ಸ್ಕೂಲಿನ ಮಕ್ಕಳನ್ನೆಲ್ಲ ಸಾಲು ನಿಲ್ಲಿಸುತ್ತಾನೆ, ಇಪ್ಪತ್ತಾರು ವರ್ಷ ಪಾಠ ಹೇಳಿದ ನನ್ನ ಮುಂದೆ ಆ ಸಾಲು ಎಂದೂ ಅಷ್ಟು ನೆಟ್ಟಗೆ ನಿಂತಿಲ್ಲ. ಪಾಸ್ಟರು ಇವತ್ತು ಪ್ರಸಂಗಕ್ಕೆ ಕ್ರಿಸ್ತನ ಹೆಜ್ಜೆ ಹಿಡಿದಿದ್ದಾರೆ, ಆ ಹೆಜ್ಜೆ ಎಲ್ಲೋ ದೂರದಲ್ಲಿಲ್ಲ, ನಮ್ಮ ನಡುವೆಯೇ ಇದೆ, ಮೂರನೇ ಬೆಂಚಿನಲ್ಲಿ ಕೂತಿದೆ — ಮೂರನೇ ಬೆಂಚು ಅಂದರೆ ನಾನು, ಹೆಜ್ಜೆ ಹೇಗೆ ಕೂರುತ್ತದೆ ಅಂತ ಕೇಳುವ ಧೈರ್ಯ ಯಾರಿಗೂ ಇಲ್ಲ — ತಮ್ಮನಿಗೆ ಕಿಡ್ನಿ ಕೊಡಲು ಹೊರಟ ಅಕ್ಕ, ದೇವರ ಚಿತ್ತ ಬೇರೆ ಇತ್ತು, ಹೊಂದಲಿಲ್ಲ. ಹೊಂದಿತ್ತು.

ಅಚ್ಚುಕಟ್ಟಾಗಿ ಹೊಂದಿದೆ ಮೇಡಂ, ಅಳತೆ ಕೊಟ್ಟು ಹೊಲಿಸಿದ ಹಾಗೆ, ಅಂದಳು ಆಸ್ಪತ್ರೆಯ ಆ ಕೌನ್ಸೆಲರ್ ಹುಡುಗಿ, ಬಾಗಿಲು ಹಾಕಿತ್ತು, ತಮ್ಮ, ಅವನ ಹೆಂಡತಿ ಹೊರಗೆ, ಅದು ಅಲ್ಲಿನ ನಿಯಮ, ಗೋಡೆ ಮೇಲೆ ಸೀಳಿದ ಅವರೆಕಾಳಿನಂಥ ಕಿಡ್ನಿಯ ಚಿತ್ರ. ಯಾರಾದ್ರೂ ಒತ್ತಾಯ ಮಾಡ್ತಿದಾರಾ, ಮನೆಯೋರು, ನೆಂಟರು? ಒಬ್ಬರು ಮಾಡುತ್ತಿದ್ದಾರೆ ತಾಯಿ, ಎರಡು ಸಾವಿರ ವರ್ಷದಿಂದ, ಅನ್ನಬೇಕೆನಿಸಿತು. ಇಷ್ಟ ಇಲ್ದಿದ್ರೆ ಇಲ್ಲ ಅನ್ನಿ ಮೇಡಂ, ಸರಿಹೊಂದಲಿಲ್ಲ ಅಂತಷ್ಟೇ ಹೊರಗೆ ಹೇಳ್ತೀವಿ, ನಿಜ ಯಾರಿಗೂ ಗೊತ್ತಾಗಲ್ಲ, ಮನಸ್ಸು ಬದಲಾದ್ರೆ ಯಾವಾಗ ಬೇಕಾದ್ರೂ ಫೋನ್ ಮಾಡಿ. ಎಂಥ ದಯೆ, ಇಷ್ಟು ದಯೆ ಚರ್ಚಿನ ಸಭೆಯಲ್ಲೂ ಸಿಗುವುದಿಲ್ಲ, ನಾನು ಇಲ್ಲ ಅಂದೆ, ಇನ್ನರ್ಧ ಲೋಟ ಕಾಫಿ ಬೇಡ ಅನ್ನುವ ದನಿಯಲ್ಲಿ. ಪ್ರತಿ ವರ್ಷ ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು ಹೋಗಿ, ಮೇಲಿನದನ್ನು ಬಿಚ್ಚಿ ಒಂದು ಮಗುವಿಗೆ ತೊಡಿಸಿ ಪಾಠ ಮಾಡುತ್ತೇನೆ, ಎರಡಿದ್ದರೆ ಒಂದು ಇಲ್ಲದವರಿಗೆ, ಹೋದ ವರ್ಷ ಕನ್ನಡಕದ ಹುಡುಗಿಯೊಬ್ಬಳು ಎದ್ದು, ಟೀಚರ್, ಅದನ್ನ ಹೇಳಿದ್ದು ಯೇಸು ಅಲ್ಲ, ಸ್ನಾನಿಕ ಯೋಹಾನ, ಅಂದಳು, ಗದರಿಸಿ ಕೂರಿಸಿದ್ದೆ, ಆಸ್ಪತ್ರೆಯ ಆ ಕೋಣೆಯಲ್ಲಿ ಆ ಕನ್ನಡಕದವಳ ಕಾಲಿಗೆ ಬೀಳಬೇಕೆನಿಸಿತು, ಹೌದಲ್ಲ, ಯೇಸು ಹೇಳಿದ್ದಲ್ಲವಲ್ಲ — ಯೇಸು ಕೇಳಿದ್ದು ಅದಕ್ಕಿಂತ ಹೆಚ್ಚು, ಅಂಗಿ ಕಿತ್ತುಕೊಂಡವನಿಗೆ ಮೇಲಂಗಿಯನ್ನೂ, ಅದು ಮಾತ್ರ ಆಗ ನೆನಪಾಗಲಿಲ್ಲ, ನೆನಪಿಗೂ ತನ್ನ ಲಾಭ ಗೊತ್ತು. ಕೊಟ್ಟುಬಿಡೇ, ಚಿಕ್ಕವನು, ಅನ್ನುತ್ತಿದ್ದಳು ಅಮ್ಮ, ಮೊಟ್ಟೆಯ ಹಳದಿ, ಬಸ್ಸಿನ ಕಿಟಕಿ ಸೀಟು, ಅವನಿಗೆ ಟೈಫಾಯ್ಡ್ ಬಂದ ವರ್ಷ ನನ್ನ ಕಾಲೇಜು, ಜನ್ಮದಲ್ಲಿ ಒಂದು ಸಲ ಇಲ್ಲ ಅಂದರೇನು — ಇದೂ ಸುಳ್ಳೇ, ಹೆದರಿಕೆಗೆ ಹಳೇ ಸಿಟ್ಟಿನ ಅಂಗಿ ತೊಡಿಸುತ್ತಿದ್ದೇನೆ, ಕತ್ತಿ ಅಂದರೆ ಭಯ, ಅಷ್ಟೆ.

ಹೊರಗೆ ಬಂದರೆ ಅವನೇ ನನ್ನನ್ನು ಸಮಾಧಾನ ಮಾಡುತ್ತಾನೆ, ಅಳಬೇಡ ಕಣೇ ಅಕ್ಕ, ನಿನ್ನ ಕಿಡ್ನಿ ಹೊಂದಿದ್ರೆ ನಾನೂ ನಿನ್ನ ಹಾಗೆ ಬೆಳಗ್ಗೆ ಐದಕ್ಕೆ ಎದ್ದು ಊರೋರ ತಪ್ಪು ಹುಡುಕ್ತಿದ್ದೆ, ತಪ್ಪಿತು ಬಿಡು. ಅವನ ಹೆಂಡತಿ ಮಾರನೇ ದಿನ ಫ್ಲಾಸ್ಕಿನಲ್ಲಿ ಸೂಪು ತಂದಳು, ಎಷ್ಟೊಂದು ರಕ್ತ ತೆಗೆದ್ರಲ್ಲ ಅಕ್ಕಾ, ನೀವು ಮನಸ್ಸು ಮಾಡಿದ್ರಲ್ಲ, ಅಷ್ಟೇ ಸಾಕು, ಕುಡಿದೆ, ಉಪ್ಪು ಹದವಾಗಿತ್ತು. ಐದು ವಾರವಾಯಿತು, ಅವನ ಪಾದ ಚಪ್ಪಲಿಗೆ ಹೋಗುತ್ತಿಲ್ಲ, ನೀರು ಅಳೆದು ಕೊಡುತ್ತಾರೆ, ಹೋದ ಮಂಗಳವಾರ ಮಷೀನಿನಲ್ಲಿದ್ದಾಗಲೇ ಕಣ್ಣು ಮೇಲೆ ಮಾಡಿದನಂತೆ, ಸತ್ತವರ ಕಿಡ್ನಿಗೆ ಕಾಯುವ ಪಟ್ಟಿಯಲ್ಲಿ ಅವನ ಹೆಸರು ಎಲ್ಲೋ ಕೆಳಗಿದೆ, ಇನ್ನೆಷ್ಟು ದಿನ ಅಂತ ಡಾಕ್ಟರು ಹೇಳುತ್ತಿಲ್ಲ, ಕೇಳಿದರೆ ಪೆನ್ನಿನ ಮುಚ್ಚಳ ಹಾಕುತ್ತಾರೆ. ಆ ಕೌನ್ಸೆಲರ್ ಹುಡುಗಿ ಕೊಟ್ಟ ಫೋನ್ ನಂಬರಿನ ಚೀಟಿ ನನ್ನ ಬೈಬಲಿನಲ್ಲಿದೆ, ಪುಟದ ಗುರುತಿಗೆ, ಬೇರೆ ಯಾತಕ್ಕೂ ಬಳಕೆಯಾಗಿಲ್ಲ.

ಟೀಚರಮ್ಮ ಬಂದು ಎರಡು ಮಾತು ಸಾಕ್ಷಿ ಹೇಳಬೇಕು, ಅನ್ನುತ್ತಿದ್ದಾರೆ ಪಾಸ್ಟರು, ಮೈಕು ಕೈಯಿಂದ ಕೈಗೆ ನನ್ನ ಕಡೆಗೇ ಬರುತ್ತಿದೆ, ತಲೆಗಳು ತಿರುಗುತ್ತಿವೆ, ಕನ್ನಡಕದ ಹುಡುಗಿಯದೂ, ಯೇಸುವನ್ನು ಅರಿಯೆ ಅಂತ ಸುಳ್ಳಾಡಿದ ಪೇತ್ರನಿಗೆ ಕೂಗಿ ಎಚ್ಚರಿಸಲು ಹುಂಜವಾದರೂ ಇತ್ತು, ಎದ್ದೇಳೇ ಅಕ್ಕ, ಉಪದೇಶ ಮಾತ್ರ ಉದ್ದ ಮಾಡಬೇಡ, ಬಾಯಾರ್ತಿದೆ ನಂಗೆ, ಅಂತ ತಮ್ಮ ನನ್ನ ಮೊಣಕೈಗೆ ತನ್ನ ತೋಳು ಕೊಟ್ಟು ಎಬ್ಬಿಸುತ್ತಾನೆ, ಏದುಸಿರು, ಎಬ್ಬಿಸಬೇಕಾದವಳು ನಾನು, ಮೈಕು ಈಗ ನನ್ನ ಕೈಯಲ್ಲಿ, ತಣ್ಣಗಿದೆ, ಒಂದೇ ಮಾತು, ಹೊಂದಿತ್ತು, ಅಷ್ಟಂದರೆ ಸಾಕು, ಇವನು ಬದುಕುತ್ತಾನೆ, ನಾನು ಈ ಬೆಂಚಿನಲ್ಲಿ ಮತ್ತೆ ಕೂರುವಂತಿಲ್ಲ, ಅಥವಾ ದೇವರ ಚಿತ್ತ ಅನ್ನಬಹುದು, ಆಮೆನ್ ಅನ್ನುತ್ತಾರೆ, ಬಾಯಿ ತೆರೆದಿದ್ದೇನೆ, ಎಲ್ಲರೂ ಕಾಯುತ್ತಿದ್ದಾರೆ, ಅವನು ನಗುತ್ತಾ ಕೈ ಬಿಟ್ಟು ಕೂತಿದ್ದಾನೆ, ಬಿಟ್ಟಿದ್ದಾನೆ, ತೋಳಿಗೆ ತೋಳು ತಾಗುತ್ತಿಲ್ಲ, ಆದರೂ ನನ್ನ ತೋಳಿನೊಳಗೆ ದುಂಬಿ, ಗುಂಯ್, ದುಂಬಿ —