ಹಿಂದಿನ ಶೆಡ್ಡಿನ ಸ್ಪೀಕರ್

ಹೊಸ ಮನೆಯ ಹಾಲ್‌ಗೆ ಒಳ್ಳೆಯ ಸ್ಪೀಕರ್ ಕೊಳ್ಳಬೇಕೆಂದು ಶಿವರಾಮ್ ಒಂದು ವರ್ಷದಿಂದ ತಲೆ ಕೆಡಿಸಿಕೊಂಡಿದ್ದ. ಬಿಟಿಎಂ ಲೇಔಟ್‌ನಲ್ಲಿ ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ಮೂರು ಅಂತಸ್ತಿನ ಮನೆ ಎದ್ದಿತ್ತು. ಜೆ.ಪಿ. ನಗರದ ಹೋಟೆಲೊಂದರಲ್ಲಿ ಎರಡು ದಿನದ ಆಡಿಯೊ ಶೋ ಇದೆಯೆಂದು ಗೊತ್ತಾದದ್ದೇ, ಭಾನುವಾರ ಬೆಳಿಗ್ಗೆ ತಾಯಿ ಗೌರಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟ.

"ನಂಗ್ಯಾಕಪ್ಪ ಅದೆಲ್ಲ?" ಎಂದರು ಗೌರಮ್ಮ.

"ಹಾಲಲ್ಲಿ ಜಾಸ್ತಿ ಹೊತ್ತು ಕೂತ್ಕೊಳೋಳು ನೀನೇ ಅಲ್ವಾ? ನಿಂಗೆ ತಲೆನೋವು ಬರದಂಥದ್ದು ತಗೋಬೇಕು."

ಹೋಟೆಲಿನ ಕೋಣೆಗಳಿಂದ ಮಂಚಗಳನ್ನು ತೆಗೆಸಿ, ಒಂದೊಂದು ಕೋಣೆಯಲ್ಲಿ ಒಂದೊಂದು ಕಂಪನಿಯವರು ತಮ್ಮ ಸ್ಪೀಕರ್‌ಗಳನ್ನು ಇಟ್ಟಿದ್ದರು. ಮೊದಲ ಮಹಡಿಯ ದೊಡ್ಡ ಕೋಣೆಯಲ್ಲಿ ಫ್ರಿಜ್ಜಿನಷ್ಟು ಎತ್ತರದ ಜೋಡಿಯೊಂದಿತ್ತು. ಬೆಲೆ ಹನ್ನೊಂದು ಲಕ್ಷ. ಶಿವರಾಮ್ ಕಣ್ಣು ಮುಚ್ಚಿ ಕೇಳಿದ. ಆಮೇಲೆ ತಾಯಿಯ ಕಡೆ ತಿರುಗಿದ. "ಹೆಂಗೈತವ್ವ?"

"ಚೆನ್ನಾಗೈತೆ. ಆದ್ರೆ ಎದೆಗೆ ಯಾರೋ ಗುದ್ದಿದಂಗೆ ಆಯ್ತದೆ."

ಐದು ಕೋಣೆ ಸುತ್ತುವಷ್ಟರಲ್ಲಿ ಗೌರಮ್ಮನ ಮಂಡಿ ಹಿಡಿದುಕೊಂಡಿತು. ಮೂರನೇ ಮಹಡಿಯ ತುದಿಯಲ್ಲಿ ಒಂದು ಸಣ್ಣ ಕೋಣೆ ಕಂಡಿತು. ದೀಪ ಆರಿಸಿದ್ದರು, ಹತ್ತು ಹನ್ನೆರಡು ಜನ ಕೂತಿದ್ದರು, ಹಿಂದುಗಡೆ ಎರಡು ಕುರ್ಚಿ ಖಾಲಿ ಇದ್ದವು. ಕುರ್ಚಿ ಕಂಡಿತೆಂದೇ ತಾಯಿ ಮಗ ಒಳಗೆ ಹೋದರು.

ಕತ್ತಲಲ್ಲಿ ಕೋಲಾಟ ಶುರುವಾಯಿತು. ಪದ ಹೇಳುವವನು ಕೋಣೆಯ ನಡುಮಧ್ಯೆ ನಿಂತಂತಿತ್ತು. ಅವನು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಅವನ ಸುತ್ತ ಎಂಟು ಜನ ಸುತ್ತುತ್ತಿದ್ದರು. ಒಬ್ಬ ಹತ್ತಿರ ಬಂದು ಆಚೆ ಹೋದ, ಇನ್ನೊಬ್ಬ ಬಂದ. ಮಣ್ಣಿನ ಮೇಲೆ ಕಾಲು ಊರುವ ಸದ್ದು, ಅಂಗಳದ ಆಚೆ ಎಲ್ಲೋ ಒಂದು ಕರುವಿನ ಕೂಗು. ಶಿವರಾಮ್‌ನ ಕೈಯ ರೋಮ ನಿಮಿರಿತು. ಬೆಳಗಿನಿಂದ ಸ್ಪೀಕರ್ ಕೇಳಿ ಕೇಳಿ ಸಾಕಾಗಿದ್ದವನಿಗೆ, ಈಗ ತಾನು ಸ್ಪೀಕರ್ ಕೇಳುತ್ತಿದ್ದೇನೆ ಎನ್ನುವುದೇ ಮರೆತುಹೋಗಿತ್ತು.

ಗೌರಮ್ಮ ಮುಂದಕ್ಕೆ ಬಾಗಿದರು. "ಯಾವನ್ದೋ ಒಂದು ಕೋಲು ಸೀಳೈತೆ ಕಣೋ," ಎಂದರು, ಸ್ವಲ್ಪ ಜೋರಾಗಿಯೇ.

ಮುಂದಿನವರು ತಿರುಗಿ ನೋಡಿದರು. ಹಾಡು ನಿಂತಿತು, ದೀಪ ಹತ್ತಿತು. "ಯಾರು ಹೇಳಿದ್ದು ಅದು?" ಎನ್ನುತ್ತ ಮುಂದಿನಿಂದ ಒಬ್ಬ ಹುಡುಗಿ ಎದ್ದುನಿಂತಳು.

ತನ್ಮಯಿ! ಶಿವರಾಮ್‌ನ ಮನೆಯ ಹಿಂದಿನ ಶೀಟಿನ ಶೆಡ್ಡನ್ನು ಆರು ವರ್ಷದಿಂದ ಬಾಡಿಗೆಗೆ ಹಿಡಿದಿದ್ದವಳು. ಜಯನಗರದ ಮನೆಯಿಂದ ದಿನಾ ಸ್ಕೂಟರಿನಲ್ಲಿ ಬಂದು ಮರ ಕೊಯ್ಯುವುದು, ತಂತಿ ಸುತ್ತುವುದು, ಒಂದೇ ಹಾಡನ್ನು ನೂರು ಸಲ ಹಾಕುವುದು ಇವಳ ಕೆಲಸ. ಒಣಗಿಹಾಕಿದ ಬಟ್ಟೆಗೆ ಮರದ ಪುಡಿ ಹಾರುತ್ತದೆಂದು ಗೌರಮ್ಮ ಎಷ್ಟೋ ಸಲ ರೇಗಿದ್ದರು. ಒಳಗೆ ಏನು ಮಾಡುತ್ತಾಳೆಂದು ತಾಯಿಯಾಗಲಿ ಮಗನಾಗಲಿ ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಹನ್ನೆರಡು ದಿನದ ಹಿಂದೆ ಶಿವರಾಮ್, "ಅಲ್ಲಿ ಪಿ.ಜಿ. ಹಾಸ್ಟೆಲ್ ಕಟ್ಟಿಸ್ತಿದೀನಿ, ಎರಡು ತಿಂಗಳಲ್ಲಿ ಖಾಲಿ ಮಾಡ್ಬಿಡಿ" ಎಂದಿದ್ದ. ಅವಳು "ಆಯ್ತು ಸಾರ್" ಎಂದಷ್ಟೇ ಹೇಳಿದ್ದಳು.

"ಅಮ್ಮ, ನೀವಾ?" ತನ್ಮಯಿ ಹತ್ತಿರ ಬಂದಳು. "ಕೋಲು ಸೀಳಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗ್ದೆ ಏನು? ನಮ್ಮ ಬಿಟಿಎಂ ಲೇಔಟು ಆಗೋಕ್ ಮುಂಚೆ ನಮ್ಮೂರ ಹೆಣ್ಮಕ್ಳ ಕೋಲಾಟಕ್ಕೆ ನಾನೇ ಮುಂದಾಳು. ಸೀಳಿದ ಕೋಲು ಚಟ್ ಅನ್ನಕಿಲ್ಲ, ಚರ್ ಅಂತದೆ."

ಆಡಿಯೊ ಬಗ್ಗೆ ಪತ್ರಿಕೆಗೆ ಬರೆಯುವ ಶಶಿಧರ್ ಎಂಬ ಹಿರಿಯರು ಮುಂದಿನ ಸಾಲಿನಲ್ಲಿದ್ದರು. "ಇನ್ನೊಂದ್ಸಲ ಹಾಕಮ್ಮ," ಎಂದರು. ಎಲ್ಲರೂ ಕಿವಿಗೊಟ್ಟು ಕೂತರು. ಅರ್ಧದಲ್ಲೇ ಅವರ ಕೈ ಮೇಲೆದ್ದಿತು. "ಹೌದು! ಈಗ ಎಡಗಡೆಯಿಂದ ಬಂದ್ನಲ್ಲ, ಅವನದು."

ತನ್ಮಯಿಯ ಕಣ್ಣು ಹೊಳೆಯಿತು. "ಕನಕಪುರದ ಕಡೆ ಒಂದೂರಲ್ಲಿ ನಾನೇ ರೆಕಾರ್ಡ್ ಮಾಡಿದ್ದು ಸಾರ್. ಅವರು ಸೀಳಿದ ಕೋಲಿಗೆ ದಾರ ಸುತ್ಕೊಂಡಿದ್ರು. ಆ ಒಂದು ಸದ್ದು ಸರಿಯಾಗಿ ಬರ್ಬೇಕು ಅಂತ ಎರಡು ವರ್ಷ ಒದ್ದಾಡಿದೀನಿ. ಇವತ್ತಿನವರೆಗೂ ಯಾರೂ ಗುರುತು ಹಿಡಿದಿರ್ಲಿಲ್ಲ."

ಶಿವರಾಮ್ ಸ್ಪೀಕರ್‌ಗಳ ಹತ್ತಿರ ಹೋಗಿ ನೋಡಿದ. ಮೊಣಕಾಲೆತ್ತರದ ಎರಡು ಪೆಟ್ಟಿಗೆ, ಹಲಸಿನ ಮರದ ಹಳದಿ ಬಣ್ಣ. "ಎಷ್ಟು ಇದಕ್ಕೆ?"

"ಐವತ್ತೆಂಟು ಸಾವಿರ."

"ಒಂದಕ್ಕಾ?"

"ಜೋಡಿಗೇ ಸಾರ್."

ಅವನಿಗೆ ಹನ್ನೊಂದು ಲಕ್ಷದ ಕೋಣೆ ನೆನಪಾಯಿತು. ಅಷ್ಟರಲ್ಲಿ ಯಾರೋ, "ಇದನ್ನ ಎಲ್ಲಿ ಮಾಡ್ತೀರಾ ಮೇಡಂ?" ಎಂದು ಕೇಳಿದರು. ತನ್ಮಯಿ ಬಾಯಿ ತೆರೆಯುವ ಮೊದಲೇ ಶಿವರಾಮ್ ಎದೆಯುಬ್ಬಿಸಿ ಹೇಳಿಬಿಟ್ಟ: "ಬಿಟಿಎಂ ಸೆಕೆಂಡ್ ಸ್ಟೇಜಲ್ಲಿ. ನಮ್ಮನೆ ಹಿಂದೇನೇ!"

"ಹಾಗಾದ್ರೆ ಬಂದು ನೋಡ್ಬಹುದಾ?" ಎಂದರು ಶಶಿಧರ್.

"ಒಂದೂವರೆ ತಿಂಗಳೊಳಗೆ ಬನ್ನಿ ಸಾರ್," ಎಂದಳು ತನ್ಮಯಿ. "ಆಮೇಲೆ ಬೇರೆ ಕಡೆ ಹೋಗ್ತೀನಿ." ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಅದೇ ಶಿವರಾಮ್‌ಗೆ ಹೆಚ್ಚು ಚುಚ್ಚಿತು. ಅವನು ತಾಯಿಯ ಮುಖ ನೋಡಿದ. ಗೌರಮ್ಮ ಅವನನ್ನೇ ನೋಡುತ್ತಿದ್ದರು.

ಜನ ಸ್ವಲ್ಪ ಕರಗಿದ ಮೇಲೆ ಅವನು ತನ್ಮಯಿಯ ಬಳಿ ಹೋದ. "ಖಾಲಿ ಮಾಡಿ ಅಂದಿದ್ನಲ್ಲ, ಆ ಮಾತು ಬಿಟ್ಬಿಡಿ. ನೀವೆಲ್ಲೂ ಹೋಗ್ಬೇಡಿ."

"ಪಿ.ಜಿ. ಕಟ್ಟಿಸ್ತೀರಲ್ಲ ಸಾರ್?"

"ಬಿಟಿಎಮ್ಮಲ್ಲಿ ಪಿ.ಜಿ.ಗೇನು ಬರವಾ? ಇಂಥ ಶೆಡ್ಡು ಇನ್ನೊಂದಿದ್ರೆ ತೋರ್ಸಿ."

ತನ್ಮಯಿ ಕೈಯಲ್ಲಿದ್ದ ಬಟ್ಟೆಯಿಂದ, ಧೂಳೇ ಇಲ್ಲದ ಪೆಟ್ಟಿಗೆಯನ್ನು ಒಂದು ಸಲ ಒರೆಸಿದಳು. "ಥ್ಯಾಂಕ್ಸ್ ಸಾರ್," ಎಂದಳು ಆಮೇಲೆ.

"ಥ್ಯಾಂಕ್ಸ್ ಎಲ್ಲ ಬೇಡ. ನಮ್ಮ ಹಾಲ್‌ಗೆ ಒಂದು ಜೋಡಿ ಬರ್ಕೊಳ್ಳಿ. ಆರು ವರ್ಷ ಪಕ್ಕದಲ್ಲೇ ಇಟ್ಕೊಂಡು ಊರೆಲ್ಲ ಹುಡುಕ್ದೆ ನೋಡಿ, ನಾನು."

ಮಧ್ಯಾಹ್ನ ಊಟಕ್ಕೆ ಕರೆದರೂ ಗೌರಮ್ಮ ಏಳಲಿಲ್ಲ. ಕುರ್ಚಿಯನ್ನು ಬಾಗಿಲ ಬಳಿಗೆ ಎಳೆಸಿಕೊಂಡು, ಕಾರಿಡಾರಿನಲ್ಲಿ ಹೋಗುತ್ತಿದ್ದವರನ್ನೆಲ್ಲ ಒಳಗೆ ಕರೆಯತೊಡಗಿದ್ದರು. "ಬನ್ನಿ ಬನ್ನಿ, ಕುಂತ್ಕಂಡು ಕೇಳಿ. ನಿಂತ್ಕಂಡು ಕೇಳ್ಬೇಡಿ."

ಕುತ್ತಿಗೆಗೆ ಶೋದ ಬ್ಯಾಡ್ಜ್ ಹಾಕಿಕೊಂಡ ಯುವಕನೊಬ್ಬ ನಗುತ್ತ ಕೇಳಿದ: "ನೀವು ಈ ಕಂಪನಿಯವರಾ ಆಂಟಿ?"

ಗೌರಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಹೂಂ ಕಣಪ್ಪ," ಎಂದರು. "ನಮ್ಮ ಹುಡುಗಿ ಮಾಡಿರೋದು."