ಗಾಜು ನೀರು ಕುಡಿಯಲ್ಲ

ಹಲ್ಲಕ್ಕ ಮೆಟ್ಟಿಲಿಂದ ಜಾರಿ ಬೀಳದೇ ಇದ್ದಿದ್ದರೆ ಆ ಮನೆಗೆ ಮೇಸ್ತ್ರಿ ಬರುತ್ತಿರಲಿಲ್ಲ. ಮೇಸ್ತ್ರಿ ಬರದೇ ಇದ್ದಿದ್ದರೆ ತನ್ನ ಮನೆ ಎಷ್ಟು ಸುಮ್ಮನಿದೆ ಎಂಬುದು ಅವಳಿಗೂ ಗೊತ್ತಾಗುತ್ತಿರಲಿಲ್ಲ.

ಅವಳ ನಿಜವಾದ ಹೆಸರು ಬೀದಿಯವರಿಗೆ ಬೇಕಾಗಿರಲಿಲ್ಲ. ಕಟ್ಟಿಸಿಕೊಳ್ಳುವ ಹಲ್ಲು ಮಾಡುವವಳು, ಹಾಗಾಗಿ ಹಲ್ಲಕ್ಕ. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಾರೆ. ಇವಳು ಮುಂದಿನ ಕೋಣೆಯಲ್ಲಿ ಕೂತು ಮೇಣದ ಒಸಡಿಗೆ ಒಂದೊಂದೇ ಹಲ್ಲು ಕೂರಿಸಿ, ತಿದ್ದಿ, ಹೊಳಪು ಕೊಟ್ಟು ವಾಪಸ್ಸು ಕಳಿಸುತ್ತಾಳೆ. ಕೊರಿಯರ್‌ನವನು ಚೀಲವನ್ನು ಬಾಗಿಲ ಕೊಕ್ಕೆಗೆ ನೇತುಹಾಕಿ ಬೆಲ್ ಒತ್ತಿ, ಅವಳು ಏಳುವಷ್ಟರಲ್ಲಿ ಗಾಡಿ ಹತ್ತಿರುತ್ತಾನೆ. ಊರಿನ ಅರ್ಧಕ್ಕರ್ಧ ಮುದುಕರು ನಗುವುದು ಅವಳು ಮಾಡಿದ ಹಲ್ಲಿನಿಂದ, ಆದರೆ ಅವಳೆದುರು ನಿಂತು ನಕ್ಕವರು ಯಾರೂ ಇಲ್ಲ. ಅಪ್ಪ ಅಮ್ಮ ತೀರಿಕೊಂಡಾಗಿತ್ತು, ಮದುವೆಯ ಮಾತು ಯಾವತ್ತೋ ತಾನಾಗಿಯೇ ನಿಂತುಹೋಗಿತ್ತು. ಐವತ್ತು ದಾಟಿದ ಮೇಲಂತೂ ಬಾಯಿಬಿಡುವ ಪ್ರಸಂಗವೇ ಕಡಿಮೆಯಾಯಿತು. ಮಧ್ಯಾಹ್ನ ಯಾರಾದರೂ ಫೋನ್ ಮಾಡಿದರೆ ಅವತ್ತಿನ ಮೊದಲ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಕೆಮ್ಮಿ ಸರಿಮಾಡಿಕೊಂಡು "ಹಲೋ" ಅನ್ನಬೇಕಾಗುತ್ತಿತ್ತು.

ಬಿದ್ದ ಸುದ್ದಿ ಕೇಳಿ ಬೇರೆ ಊರಿನಲ್ಲಿದ್ದ ಅಕ್ಕ ಫೋನಿನಲ್ಲೇ ಝಾಡಿಸಿದಳು. "ಮೆಟ್ಟಿಲಾ ಅದು, ಬಾವಿ! ಆ ಗೋಡೆ ಒಡೆಸಿ ಬೆಳಕು ಮಾಡಿಸೇ. ಸೊಂಟ ಮುರ್ಕೊಂಡರೆ ಯಾರು ನೋಡ್ತಾರೆ ನಿನ್ನ?" ಅಷ್ಟರಲ್ಲಿ ಅಕ್ಕನ ಒಲೆ ಮೇಲೆ ಏನೋ ಉಕ್ಕಿತು, ಮಾತು ಅಲ್ಲಿಗೆ ಮುಗಿಯಿತು.

ಮೆಟ್ಟಿಲ ಗೋಡೆಯ ಆಚೆ ಇದ್ದದ್ದು ಇಕ್ಕಟ್ಟಿನ ಓಣಿ. ಕಿಟಕಿ ಇಟ್ಟರೆ ಹೋಗಿ ಬರುವವರೆಲ್ಲ ಮನೆಯೊಳಗೆ ಇಣುಕುತ್ತಾರೆ. ಅಂಗಡಿಯವನು ಗಾಜಿನ ಇಟ್ಟಿಗೆ ತೋರಿಸಿದ. ದಪ್ಪನೆಯ ಚೌಕ, ಒಳಗೆ ಟೊಳ್ಳು, ಮೈಮೇಲೆ ಅಲೆ ಅಲೆ. "ಬೆಳಕು ಒಳಗೆ ಬರುತ್ತೆ, ಜನರ ಕಣ್ಣು ಬರಲ್ಲ" ಎಂದ. ಕೂರಿಸುವುದಕ್ಕೆ ಒಬ್ಬ ಮೇಸ್ತ್ರಿಯನ್ನೂ ಅವನೇ ಕಳಿಸಿದ.

ಮೇಸ್ತ್ರಿ ಒಂಟಿ ಆಳು. ಕಲಸುವುದೂ ಅವನೇ, ಕಟ್ಟುವುದೂ ಅವನೇ. ತಲೆ ನರೆತಿತ್ತು, ಬಾಯಿಗೆ ಮಾತ್ರ ಬೀಗವಿರಲಿಲ್ಲ. ಗೋಡೆಯಲ್ಲಿ ಬಾಗಿಲಗಲ ಒಡೆದು ಧೂಳೆಬ್ಬಿಸಿದ, ಕೆಳಗೆ ಗಾರೆ ಹಾಸಿದ, ಮೊದಲ ಸಾಲು ಕೂರಿಸುವಷ್ಟರಲ್ಲಿ ತನ್ನ ಹೆಂಡತಿಯ ಸಮಸ್ತ ಚರಿತ್ರೆ ಹೇಳಿಬಿಟ್ಟಿದ್ದ. ಅವಳು ಸಕ್ಕರೆ ಡಬ್ಬಿಯನ್ನು ಗಂಡನ ಕೈಗೆ ಸಿಗದಂತೆ ಬಚ್ಚಿಡುತ್ತಾಳಂತೆ. ಆಮೇಲೆ ಎಲ್ಲಿಟ್ಟೆ ಎಂದು ತಾನೇ ಮರೆತು, ಕೆಲಸದ ಹೊತ್ತಿನಲ್ಲಿ ಅವನಿಗೇ ಫೋನ್ ಮಾಡಿ ಕೇಳುತ್ತಾಳಂತೆ. "ನಾನು ಕದ್ದು ತಿನ್ನೋನು, ನಂಗೆ ಗೊತ್ತಿರ್ಲೇಬೇಕಲ್ಲ!"

ಹಲ್ಲಕ್ಕ ನಕ್ಕಳು. ನಕ್ಕ ಸದ್ದು ಮೆಟ್ಟಿಲ ಸಂದಿಯಲ್ಲಿ ಒಂದು ಸುತ್ತು ಹಾಕಿ ತಿರುಗಿ ಬಂತು. ಇದು ನನ್ನದೇನಾ ಎಂದು ಅವಳೇ ಬೆಚ್ಚಿದಳು.

"ನೀವೇನು ಮಾಡ್ತೀರಿ ಅಕ್ಕಾ?" ಎಂದು ಕೇಳಿದ. ಹೇಳಿದಳು. "ಅಯ್ಯೋ, ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ಹಲ್ಲಿನ ಜೊತೆಗೆ ಒಂದೊಂದು ಹಿಡಿ ಕಡಲೆನೂ ಕಟ್ಟಿ ಕಳಿಸಿಬಿಡಿ, ಪುಣ್ಯ ಬರುತ್ತೆ" ಎಂದ.

ದಿನಕ್ಕೆ ಮೂರ್ನಾಲ್ಕು ಸಾಲಿಗಿಂತ ಮೇಲೆ ಏರಿಸುತ್ತಿರಲಿಲ್ಲ. ಸೋಮಾರಿತನವೇ ಎಂದು ಅವಳು ಕೀಟಲೆ ಮಾಡಿದ್ದಕ್ಕೆ ಕರಣೆ ಕೆಳಗಿಟ್ಟು ವಿವರಿಸಿದ. "ಮಣ್ಣಿನ ಇಟ್ಟಿಗೆ ಗಾರೆಯ ನೀರು ಕುಡಿಯುತ್ತೆ, ಬೇಗ ಕಚ್ಚಿಕೊಳ್ಳುತ್ತೆ. ಗಾಜು ನೀರು ಕುಡಿಯಲ್ಲ. ಎಷ್ಟೊತ್ತಾದರೂ ಅದರ ಕಾಲ ಕೆಳಗಿನ ಗಾರೆ ಹಸಿ ಹಸಿನೇ. ಅವಸರ ಮಾಡಿದರೆ ಗೋಡೆ ಉಬ್ಬಿ ಹೊಟ್ಟೆ ಬಿಡುತ್ತೆ. ಇದು ನಮ್ಮ ಭಾವಮೈದನ ಥರ ಅಲ್ಲ ಅಕ್ಕಾ, ಒಂದು ತೊಟ್ಟೂ ಕುಡಿಯಲ್ಲ!"

ಅವನು ಹೋದ ಮೇಲೆ ಸಂಜೆ ಹಲ್ಲಕ್ಕ ಮೆಟ್ಟಿಲು ಹತ್ತಿ ನೋಡಿದಳು. ಕೂರಿಸಿದ ಸಾಲುಗಳಲ್ಲಿ ಇಳಿಬಿಸಿಲು ನಿಂತಿತ್ತು. ಹತ್ತಿರ ಬಾಗಿ ನೋಡುವಾಗ ಕಾಲು ತಡವರಿಸಿತು, ಆಸರೆಗೆಂದು ಅಂಗೈ ಊರಿದಳು. ಮೇಲಿನ ಸಾಲು ಕೂದಲೆಳೆಯಷ್ಟು ಆಚೆ ಸರಿದದ್ದು ಕೈಗೆ ತಿಳಿಯಿತು. ಅಷ್ಟು ಸಣ್ಣದು ಬೇರೆಯವರ ಕೈಗೆ ತಿಳಿಯುತ್ತಿರಲಿಲ್ಲ; ಮೇಣದಲ್ಲಿ ಹಲ್ಲು ಕೂರಿಸುವ ಕೈ ಅದು. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡಳು.

ಬೆಳಿಗ್ಗೆ ಅವಳು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ನೇರ ನೋಡುವ ಲೆವೆಲ್ ಪಟ್ಟಿಯನ್ನು ಗೋಡೆಗೆ ನಿಲ್ಲಿಸಿ ಹಿಡಿದಿದ್ದ. ಅದರ ನಳಿಗೆಯಲ್ಲಿನ ಗಾಳಿಗುಳ್ಳೆ ನಡುಗೆರೆ ಬಿಟ್ಟು ಪಕ್ಕಕ್ಕೆ ಓಡಿತ್ತು. "ಛೆ, ನಂದೇ ತಪ್ಪು. ಈ ಸಾಲು ಬಿಚ್ಚಬೇಕು ಅಕ್ಕಾ, ಇನ್ನೊಂದು ದಿನ ಹಿಡಿಯುತ್ತೆ."

ಇನ್ನೊಂದು ದಿನ! ಹೇಳಬೇಕಾದ ಮಾತನ್ನು ಹಲ್ಲಕ್ಕ ನುಂಗಿಕೊಂಡಳು. ಟೀ ಮಾಡಲು ಹೋದವಳಿಗೆ ಎದೆಯೊಳಗೆ ಸಣ್ಣ ಹುಡುಗಿಯಂತೆ ಖುಷಿ. ಅವತ್ತು ಅವನ ಹೆಂಡತಿ ಪಕ್ಕದ ಮನೆಯ ಬೆಕ್ಕಿನೊಂದಿಗೆ ಜಗಳವಾಡಿದ ಕಥೆ ಕೇಳಿದಳು.

ಎರಡನೇ ಸಲ ಕಾಲೇನೂ ತಡವರಿಸಲಿಲ್ಲ. ಬೇಕೆಂದೇ ಹತ್ತಿದಳು, ಬೇಕೆಂದೇ ತಳ್ಳಿದಳು. ಇದೊಂದೇ ಸಲ ಎಂದುಕೊಂಡಳು. ಒಂದೇ ಸಲ ಎಂದುಕೊಂಡು ಶುರುವಾದ ಯಾವ ಚಟ ಒಂದೇ ಸಲಕ್ಕೆ ನಿಂತಿದೆ? ಗೋಡೆ ಎರಡು ಸಾಲು ಏರಿದರೆ ಒಂದು ಸಾಲು ಇಳಿಯತೊಡಗಿತು. ಊರೆಲ್ಲ ಕೆಲಸ ಬೇಗ ಮುಗಿಯಲಿ ಎಂದು ಮೇಸ್ತ್ರಿಗಳ ಬೆನ್ನು ಹತ್ತುತ್ತದೆ; ಇವಳೊಬ್ಬಳು ಮುಗಿಯದಿರಲಿ ಎಂದು ಹರಕೆ ಹೊತ್ತವಳಂತೆ ಕಾದಳು.

ಆದರೆ ಅವಳ ಎಣಿಕೆ ತಲೆಕೆಳಗಾಯಿತು. ಮೇಸ್ತ್ರಿ ಬಂದ, ಮಾತು ಬರಲಿಲ್ಲ. ಮೊದಲು ಸಿಮೆಂಟನ್ನು ಬೈದ. ಆಮೇಲೆ ಲೆವೆಲ್ ಪಟ್ಟಿಯೇ ಕೆಟ್ಟಿದೆಯೆಂದು ಹೊಸದು ತಂದ. ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ನೋಡಿದ. ಕೊನೆಗೆ ಮೆಟ್ಟಿಲ ಮೇಲೆ ಕೂತು ತನ್ನ ಬಲಗೈಯನ್ನು ಮುಂದೆ ಚಾಚಿ, ಯಾರದೋ ಕೈ ನೋಡುವಂತೆ ಬಹಳ ಹೊತ್ತು ನೋಡುತ್ತಿದ್ದ. ಹೆಂಡತಿಯ ಕಥೆಯಿಲ್ಲ, ಭಾವಮೈದನ ಸುದ್ದಿಯಿಲ್ಲ. ಟೀ ಕೊಟ್ಟರೆ "ಹ್ಞೂಂ" ಎಂದು ಇಸಿದುಕೊಳ್ಳುತ್ತಿದ್ದ.

ಕೊನೆಯ ಸಾಲುಗಳು ಉಳಿದಿದ್ದಾಗ ಒಂದು ಮಧ್ಯಾಹ್ನ ಅವನು ಫೋನಿನಲ್ಲಿ ಮಾತಾಡುವುದು ಮುಂದಿನ ಕೋಣೆಗೆ ಕೇಳಿಸಿತು. "ನಾನು ಒಪ್ಪಿಕೊಂಡಿದ್ದ ಆಸ್ಪತ್ರೆ ಗೋಡೆ ಕೆಲಸ ಬೇರೆಯವರಿಗೆ ಕೊಡಿ ಸಾರ್. ಇಲ್ಲ, ನನ್ನ ಕೈಲಿ ಆಗಲ್ಲ. ಇದೊಂದು ಮುಗಿಸಿ ಕರಣೆ ಕೆಳಗಿಡ್ತೀನಿ. ಕೈ ಹೋಯ್ತು ಸಾರ್ ನಂದು."

ಹಲ್ಲಕ್ಕನ ಕೈಯಲ್ಲಿದ್ದ ಮೇಣ ತಣ್ಣಗಾಗಿ ಗಟ್ಟಿಯಾಯಿತು. ಹೇಳದಿದ್ದರೆ ಅವನ ಬದುಕಿನ ಕೆಲಸ ಹೋಗುತ್ತದೆ. ಹೇಳಿದರೆ ತನ್ನ ಮಾನ ಹೋಗುತ್ತದೆ, ಅವನೂ ಹೋಗುತ್ತಾನೆ. ಮೇಣ ಕೆಳಗಿಟ್ಟು, ಎದ್ದು ಮೆಟ್ಟಿಲ ಬುಡಕ್ಕೆ ಹೋಗಿ ನಿಂತಳು.

"ಮೇಸ್ತ್ರಿ, ನಿಮ್ಮ ಕೈಗೇನೂ ಆಗಿಲ್ಲ. ನಾನೇ ತಳ್ಳಿದ್ದು."

ಅವನು ತಿರುಗಿ ನೋಡಿ ಬೇಸರದ ನಗೆ ನಕ್ಕ. "ದೊಡ್ಡ ಮನಸ್ಸು ಅಕ್ಕಾ ನಿಮ್ದು. ಬಿದ್ದವನನ್ನ ಎತ್ತೋಕೆ ಸುಳ್ಳು ಹೇಳ್ತಿದ್ದೀರಿ."

"ಸುಳ್ಳಲ್ಲ. ಮೊದಲನೇ ಸಲ ಕೈ ತಾಗಿತು. ಆಮೇಲೆ ಪ್ರತಿ ಸಲ ಬೇಕಂತಲೇ ತಳ್ಳಿದೆ."

"ಯಾಕೆ ತಳ್ತೀರಿ? ನಿಮ್ಮನೆ ಗೋಡೆಗೆ ನೀವೇ ಕನ್ನ ಹಾಕ್ತೀರಾ?"

"ಗೋಡೆ ಮುಗಿದರೆ ನೀವು ಬರಲ್ಲ" ಎಂದಳು ಹಲ್ಲಕ್ಕ. "ನೀವು ಬರದಿದ್ದರೆ ಈ ಮನೇಲಿ ನನ್ನ ಹತ್ರ ಮಾತಾಡೋರು ಯಾರೂ ಇಲ್ಲ. ಅದಕ್ಕೆ."

ಮೇಸ್ತ್ರಿ ತಲೆ ತಗ್ಗಿಸಿದ. "ಹಾಗೆಲ್ಲ ಹೇಳಬೇಡಿ ಅಕ್ಕಾ. ನನ್ನ ಕೈಗೋಸ್ಕರ ನೀವ್ಯಾಕೆ ನಿಮ್ಮನ್ನೇ ಕೀಳು ಮಾಡ್ಕೋತೀರಿ?"

ಅವಳು ಯಾರಿಗೂ ಯಾವತ್ತೂ ಹೇಳದಿದ್ದ ಮಾತು ಅದು. ಸ್ವಂತ ಅಕ್ಕನಿಗೂ ಹೇಳಿರಲಿಲ್ಲ. ಬಾಯಿಬಿಟ್ಟು ಹೇಳಿದ ಒಂದೇ ಒಂದು ನಿಜವೂ ಸುಳ್ಳಿನ ಖಾತೆಗೆ ಹೋದಾಗ ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ದಡದಡನೆ ಮೆಟ್ಟಿಲು ಹತ್ತಿದಳು. "ಈ ಸಾಲು ಈಗ ತಾನೇ ಕೂರಿಸಿದ್ದಲ್ವಾ? ಲೆವೆಲ್ ಹಿಡೀರಿ."

ಹಿಡಿದ. ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು.

"ತೆಗೀರಿ." ಅವಳು ಎಡತುದಿಯ ಗಾಜಿಗೆ ಅಂಗೈ ಇಟ್ಟು, ಒಂದೇ ಒಂದು ಸಲ ಒತ್ತಿದಳು. ಕಣ್ಣಿಗೆ ಏನೂ ಕಾಣಲಿಲ್ಲ. "ಈಗ ಹಿಡೀರಿ."

ಗುಳ್ಳೆ ಪಕ್ಕಕ್ಕೆ ಓಡಿತು. ಇಷ್ಟು ದಿನ ಪ್ರತಿ ಬೆಳಿಗ್ಗೆ ಎಲ್ಲಿಗೆ ಓಡಿ ಅವನ ಜೀವ ತಿಂದಿತ್ತೋ ಅಲ್ಲಿಗೇ ಓಡಿ ನಿಂತಿತು.

ಮೇಸ್ತ್ರಿ ಪಟ್ಟಿಯನ್ನು ಕೆಳಗಿಟ್ಟ. ಬೈಯುತ್ತಾನೆ ಎಂದು ಅವಳು ಕಾದಳು. ಬೈದಿದ್ದರೆ ಅದೂ ಒಂದು ಮಾತೇ ಆಗುತ್ತಿತ್ತು. ಅವನು ಬೈಯಲಿಲ್ಲ. ಸಾಲನ್ನು ಬಿಚ್ಚಿ, ಒರೆಸಿ, ಹೊಸ ಗಾರೆ ಇಟ್ಟು ಮತ್ತೆ ಕೂರಿಸಿದ. ಸಂಜೆಯೊಳಗೆ ಉಳಿದದ್ದನ್ನೂ ಮುಗಿಸಿ ಕೈ ತೊಳೆದ. ಹೊರಡುವಾಗ, "ಬೆಳಿಗ್ಗೆವರೆಗೆ ಈ ಕಡೆ ಬರಬೇಡಿ" ಎಂದ. ಮಾತಿನ ಕೊನೆಗೆ ಅಕ್ಕಾ ಎನ್ನಲಿಲ್ಲ.

ಅವಳು ಆ ಕಡೆ ಹೋಗಲಿಲ್ಲ. ಮಲಗುವ ಮೇಲಿನ ಕೋಣೆಗೆ ಹೋಗಲು ಬೇರೆ ದಾರಿಯಿಲ್ಲದೆ ಮುಂದಿನ ಕೋಣೆಯ ಬೆಂಚಿನ ಮೇಲೆಯೇ ಮುದುಡಿ ಮಲಗಿದಳು.

ಬೆಳಿಗ್ಗೆ ಮೇಸ್ತ್ರಿ ನೇರ ಗೋಡೆಗೆ ಹೋದ. ಹಲ್ಲಕ್ಕ ಟೀ ಲೋಟ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಳು. ಅವನು ಮೇಲಿನ ಸಾಲಿಗೆ ಪಟ್ಟಿ ಹಿಡಿದ, ನಡುವಿನದಕ್ಕೆ ಹಿಡಿದ, ಗುಂಡು ಇಳಿಬಿಟ್ಟ. ಎಲ್ಲವೂ ಗೆರೆ ಕೊರೆದಷ್ಟು ನೇರ. ಅವನ ಭುಜ ಅಲುಗಿತು. ಅಳುತ್ತಿದ್ದಾನೆಂದು ಅವಳಿಗೆ ಭಯವಾಯಿತು. ಇಲ್ಲ, ನಗುತ್ತಿದ್ದ. ಅಂಗೈ ತಿರುಗಿಸಿ ಮುರುಗಿಸಿ ನೋಡಿಕೊಂಡು ನಗುತ್ತಿದ್ದ. ಅವಳೂ ನಗಲು ಸಿದ್ಧಳಾದಳು.

ಅಷ್ಟರಲ್ಲಿ ಅವನು ಜೇಬಿನಿಂದ ಫೋನ್ ತೆಗೆದ. "ಲೇ, ಕೇಳಿಸ್ತಾ? ಏನೂ ಆಗಿಲ್ಲ ಕಣೇ ನನ್ನ ಕೈಗೆ! ಕಲ್ಲುಗುಂಡು ಥರ ಇದೆ. ಆಸ್ಪತ್ರೆಯೋರಿಗೆ ಈಗಲೇ ಹೇಳ್ತೀನಿ... ಹ್ಞಾಂ? ಮತ್ಯಾಕೆ ಹಾಗಾಗ್ತಿತ್ತಾ?" ಅವನ ದನಿ ತಗ್ಗಿತು. ಕೆಳಗೆ ನಿಂತವಳ ಕಡೆ ಒಮ್ಮೆ ನೋಡಿ, ಥಟ್ಟನೆ ಮುಖ ತಿರುಗಿಸಿಕೊಂಡ. "ಅದೊಂದು ಕಥೆ. ಸಂಜೆ ಮನೆಗೆ ಬಂದು ಹೇಳ್ತೀನಿ."

ಸಂದುಗಳನ್ನು ಒರೆಸಿ, ಸಾಮಾನು ಚೀಲಕ್ಕೆ ತುಂಬಿ, ಮೆಟ್ಟಿಲು ಗುಡಿಸಿ ಅವನು ಹೊರಟ. ಲೋಟ ಚಾಚಿದರೆ ಆಸ್ಪತ್ರೆ ಕೆಲಸಕ್ಕೆ ಹೊತ್ತಾಯಿತೆಂದ. ಓಣಿಯಲ್ಲಿ ಅವನ ಅಂಗಿಯ ನೀಲಿ ಒಂದು ಗಾಜಿನಿಂದ ಇನ್ನೊಂದು ಗಾಜಿಗೆ ಚೂರು ಚೂರಾಗಿ ದಾಟಿಕೊಂಡು ಹೋಯಿತು, ಆಮೇಲೆ ಬರೀ ಬೆಳಕು ಉಳಿಯಿತು. ಎಷ್ಟೊಂದು ಬೆಳಕು! ಒಂದೊಂದು ಮೆಟ್ಟಿಲೂ, ಅದರ ಸವೆದ ಅಂಚೂ ಸ್ಪಷ್ಟವಾಗಿ ಕಾಣುತ್ತಿದ್ದವು. ನೋಡು ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಹಲ್ಲಕ್ಕ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಇಷ್ಟು ದಿನ ಆ ಮನೆಯ ಕಥೆ ಕೇಳಿ ನಕ್ಕವಳು ಇವತ್ತು ಸಂಜೆ ಆ ಮನೆಯಲ್ಲಿ ಕಥೆಯಾಗುತ್ತಾಳೆ. ಗಂಡ ಹೇಳುತ್ತಾನೆ, ಹೆಂಡತಿ ಕೇಳುತ್ತಾಳೆ. ಕೇಳಿ ಏನನ್ನಬಹುದು? ಒಮ್ಮೆಯೂ ಕಂಡಿರದ ಆ ಹೆಂಗಸಿನ ಬಗ್ಗೆ ಅವಳಿಗೆ ಬೇರೆ ಯಾರ ಬಗ್ಗೆಯೂ ಗೊತ್ತಿಲ್ಲದಷ್ಟು ಗೊತ್ತಿತ್ತು. ನಗುವವಳಲ್ಲ ಅವಳು. ಗಂಡನಿಗೇ ಬೈಯುವವಳು. "ಅಷ್ಟು ಹೇಳಿದಾಳೆ ಪಾಪ, ಕೂತು ಒಂದು ಲೋಟ ಟೀ ಕುಡಿದು ಬರೋಕೆ ನಿಮಗೇನಾಗಿತ್ತು?" ಎಂದು ಕೇಳಿಯೇ ಕೇಳುತ್ತಾಳೆ.

ಕೇಳುತ್ತಾಳೆ ಎಂದು ನಂಬಿಕೊಂಡು, ಹಲ್ಲಕ್ಕ ಆರಿಹೋಗಿದ್ದ ಟೀಯನ್ನು ತಾನೇ ಕುಡಿದಳು.